ಐದನೇ ಟೀ

ಮುನಿವೆಂಕಟಯ್ಯನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಮೀಟರ್ ಫ್ಯಾಕ್ಟರಿಗೆ ಇಂಟರ್‌ವ್ಯೂಗೆ ಬಂದ ಹುಡುಗರಲ್ಲಿ ಯಾರಿಗೆ ಇಂಜಿನಿಯರ್ ಕೆಲಸ ಸಿಗುತ್ತದೆ, ಯಾರು ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು ಹೋಗುತ್ತಾರೆ ಎಂಬುದು ಆರ್ಡರ್ ಟೈಪಾಗುವ ಮೊದಲೇ ಅವನಿಗೆ ಗೊತ್ತಾಗಿಬಿಡುತ್ತಿತ್ತು. ಇದರಲ್ಲಿ ಮಂತ್ರ ಮಾಟ ಏನೂ ಇಲ್ಲ. ಇಂಟರ್‌ವ್ಯೂ ಕೋಣೆಗೆ ಟೀ ಒಯ್ಯುತ್ತಿದ್ದವನು ಅವನೇ. ಒಳಗೆ ನಾಲ್ಕು ಜನ ಸಾಹೇಬರು, ಹಾಗಾಗಿ ನಾಲ್ಕು ಟೀ. ಎದುರಿಗೆ ಕೂತ ಹುಡುಗನಿಗೆ ಬೆವರು ಒರೆಸಿಕೊಳ್ಳುವುದಷ್ಟೇ ಪಾಲು. ಹುಡುಗ ಮನಸ್ಸಿಗೆ ಬಂದರೆ ಮಾತ್ರ ಜನರಲ್ ಮ್ಯಾನೇಜರು ಬೆಲ್ಲನ್ನು ಎರಡು ಸಲ ಉದ್ದಕ್ಕೆ ಒತ್ತುತ್ತಿದ್ದರು. ಇನ್ನೊಂದು ಟೀ ತಾ ಎಂದು ಅದರ ಅರ್ಥ. ಒಂದೇ ಸಲ ಗಿಡ್ಡಕ್ಕೆ ಒತ್ತಿದರೆ, ಮುಂದಿನವನನ್ನು ಕಳಿಸು ಎಂದು. ಐದನೇ ಟೀ ಕುಡಿದ ಹುಡುಗನಿಗೆ ಕೆಲಸ ತಪ್ಪಿದ್ದನ್ನು ಮುನಿವೆಂಕಟಯ್ಯ ಒಂದು ಸಲವೂ ಕಂಡಿರಲಿಲ್ಲ.

ಅಂಥ ಹುಡುಗರನ್ನು ಅವನು ಗೇಟಿನ ಹತ್ತಿರ ಹಿಡಿದು, ಮನೆಗೆ ಹೋಗಿ ಸಿಹಿ ಮಾಡಿಸಿಕೊಂಡು ತಿನ್ನಿ ಎಂದು ಹೇಳುತ್ತಿದ್ದ. ಅವರು ಈ ಮುದುಕನಿಗೆ ತಲೆ ಸರಿಯಿಲ್ಲ ಎಂದುಕೊಂಡು ಬಸ್ಸು ಹತ್ತುತ್ತಿದ್ದರು. ಕೆಲಸಕ್ಕೆ ಸೇರಿದ ದಿನ ಕ್ಯಾಂಟೀನಿಗೆ ಹುಡುಕಿಕೊಂಡು ಬಂದು ನಗುತ್ತಿದ್ದರು. ಕ್ಯಾಂಟೀನಿನಲ್ಲಿ ಅವನ ಜೊತೆಗಾರ ಖಾದರ್ ಬಾಷಾ ಅವನಿಗೆ ಜ್ಯೋತಿಷಿ ಎಂದೇ ಹೆಸರಿಟ್ಟಿದ್ದ.

ಫ್ಯಾಕ್ಟರಿ ಇದ್ದದ್ದು ಯಲಹಂಕದಿಂದ ಬಾಗಲೂರಿಗೆ ಹೋಗುವ ದಾರಿಯಲ್ಲಿ, ಮುನಿವೆಂಕಟಯ್ಯನ ಹೊಲದ ಮೇಲೆ. ಅವನೊಬ್ಬನದೇ ಅಲ್ಲ, ಊರಿನ ಅರ್ಧ ಜನರ ರಾಗಿ ಹೊಲ ಅದರೊಳಗೆ ಸೇರಿಕೊಂಡಿತ್ತು. ಜಮೀನು ಅಳೆಯುವ ದಿನ ಕಂಪನಿಯ ಪರ್ಸನೆಲ್ ಆಫೀಸರ್ ವೆಂಕಟರಾಮಯ್ಯನವರು ಬದುವಿನ ಮೇಲೆ ನಿಂತು, ಭೂಮಿ ಕೊಟ್ಟವರಿಗೆ ಮನೆಗೊಂದು ಕೆಲಸ ಎಂದು ಸಾರಿದ್ದರು. ಒಂದೇ ಒಂದು. ಅಪ್ಪನಿಗೆ ಕೊಟ್ಟರೆ ಮಗನಿಗಿಲ್ಲ, ಅಣ್ಣನಿಗೆ ಕೊಟ್ಟರೆ ತಮ್ಮನಿಗಿಲ್ಲ, ಬೇರೆ ದಾರಿಯಲ್ಲಿ ಅರ್ಜಿ ಹಾಕಿಕೊಂಡು ಬಂದರೂ ಇಲ್ಲ. ಆಗ ಮುನಿವೆಂಕಟಯ್ಯನ ಒಬ್ಬನೇ ಮಗ ಮುನಿಆಂಜಿನಪ್ಪ ಮರಳಿನ ಮೇಲೆ ಅಆಇಈ ತಿದ್ದುತ್ತಿದ್ದ. ಮರಳು ತಿದ್ದುವ ಮಗುವಿಗೆ ಯಾರು ಕೆಲಸ ಕಾದಿಡುತ್ತಾರೆ? ಅಪ್ಪನೇ ಹೆಬ್ಬೆಟ್ಟು ಒತ್ತಿ ಕ್ಯಾಂಟೀನು ಸೇರಿದ. ಹೊಲ ಕೊಟ್ಟವನ ಕೈಗೆ ಅದೇ ಹೊಲದ ಮೇಲೆ ಎಂಜಲು ಲೋಟ ಕೊಟ್ಟು, ಅದನ್ನು ಉಪಕಾರ ಎಂದು ಕರೆಯುವುದಕ್ಕೂ ಒಂದು ಎದೆಗಾರಿಕೆ ಬೇಕು. ಕಂಪನಿಗೆ ಅದು ಧಾರಾಳವಾಗಿತ್ತು.

ಆಫೀಸು ಕಟ್ಟಡ ಎದ್ದದ್ದು ಅವನ ಕಣದ ಮೇಲೆ. ಅಜ್ಜನ ಕಾಲದಿಂದ ಸಗಣಿ ಬಳಿದು, ರಾಗಿ ತುಳಿಸಿ, ರಾಶಿಗೆ ಪೂಜೆ ಮಾಡಿದ ಜಾಗ. ಕಣಕ್ಕೆ ಮೆಟ್ಟು ಮೆಟ್ಟಿಕೊಂಡು ಹೋಗುವುದುಂಟೆ? ಕಂಪನಿ ಕೊಟ್ಟ ಕ್ಯಾನ್ವಾಸ್ ಶೂಗಳನ್ನು ಅವನು ಮೆಟ್ಟಿಲ ಹತ್ತಿರ ಕಳಚಿಟ್ಟು ಬರಿಗಾಲಲ್ಲೇ ಒಳಗೆ ಓಡಾಡುತ್ತಿದ್ದ. ಮೊದಮೊದಲು ವೆಂಕಟರಾಮಯ್ಯನವರು ಗದರಿದರು. ಆಮೇಲೆ ಹಳ್ಳಿ ಗಮಾರ, ಹೇಳಿ ಪ್ರಯೋಜನವಿಲ್ಲ ಎಂದು ಬಿಟ್ಟರು. ಅವನು ಅವರಿಗೆ ಕಾರಣ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಮನೆಯಲ್ಲೂ ಇಂಥದೇ ಒಂದು ಪದ್ಧತಿ ಇತ್ತು. ಅಪ್ಪ ನಿಂತಿರುವಾಗ ಮಗ ಕೂರುವ ಹಾಗಿಲ್ಲ. ಮುನಿವೆಂಕಟಯ್ಯ ತನ್ನ ಅಪ್ಪನ ಮುಂದೆ ಕೂತವನಲ್ಲ, ಅವನಪ್ಪ ತನ್ನಪ್ಪನ ಮುಂದೆ ಕೂತವನಲ್ಲ. ಯಾರೂ ಬಾಯಿ ಬಿಟ್ಟು ಕಲಿಸಿದ್ದಲ್ಲ, ನೋಡಿ ನೋಡಿ ಬಂದದ್ದು. ಮುನಿಆಂಜಿನಪ್ಪ ಜಗಲಿಯ ಮೇಲೆ ಎಷ್ಟೇ ದೊಡ್ಡ ಪುಸ್ತಕ ಬಿಡಿಸಿಕೊಂಡು ಕೂತಿರಲಿ, ಬೀದಿಯಲ್ಲಿ ಅಪ್ಪನ ಕಾಲು ಕಂಡರೆ ಸಾಕು, ಪುಸ್ತಕದಿಂದ ಕಣ್ಣೆತ್ತುವ ಮೊದಲೇ ಎದ್ದು ನಿಂತಿರುತ್ತಿದ್ದ. ಇಂಜಿನಿಯರಿಂಗ್ ಕಾಲೇಜು ಸೇರಿದ ಮೇಲೂ ಅದು ಬಿಡಲಿಲ್ಲ. ಊರಿನವರು ಬೆಳೆದ ತಮ್ಮ ಮಕ್ಕಳಿಗೆ ಬೈಯುವಾಗ, ಆ ಮುನೆಂಕಟಯ್ಯನ ಮಗನನ್ನು ನೋಡಿ ಕಲೀರಿ ಎನ್ನುತ್ತಿದ್ದರು. ಕೇಳಿದಾಗ ಮುನಿವೆಂಕಟಯ್ಯನಿಗೆ ಎದೆ ತುಂಬಿ ಬರುತ್ತಿತ್ತು. ಹೊಲ ಹೋದ ಮೇಲೆ ಅವನಿಗೆ ತನ್ನದು ಎನ್ನುವುದಕ್ಕೆ ಉಳಿದಿದ್ದ ಹೆಮ್ಮೆ ಅದೊಂದೇ.

ಮಗ ಎಲೆಕ್ಟ್ರಾನಿಕ್ಸಿನಲ್ಲಿ ಬಿ.ಇ. ಮುಗಿಸಿದ. ಊರಿಗೇ ಮೊದಲನೇ ಇಂಜಿನಿಯರ್. ಹೆಬ್ಬಾಳದಿಂದ ಪೀಣ್ಯದವರೆಗೆ ಕಂಪನಿ ಕಂಪನಿಗೂ ಅಲೆದ. ಒಬ್ಬರು ಅನುಭವ ಕೇಳಿದರು, ಒಬ್ಬರು ಯಾರ ಕಡೆಯವನು ಎಂದು ಕೇಳಿದರು, ಮಿಕ್ಕವರು ತಿಳಿಸುತ್ತೇವೆ ಎಂದರು. ಯಾರೂ ತಿಳಿಸಲಿಲ್ಲ. ಒಂದು ವರ್ಷ ಕಳೆದು ಇನ್ನೊಂದು ಹಿಡಿಯುವಷ್ಟರಲ್ಲಿ ಹುಡುಗ ಮಾತು ಕಡಿಮೆ ಮಾಡಿದ. ಕೆರೆಯ ಕಡೆ ಹೋದವನು ಕತ್ತಲಾದರೂ ಬರದೆ, ತಾಯಿ ಕೃಷ್ಣಮ್ಮ ಎರಡು ಸಲ ಲಾಟೀನು ಹಿಡಿದುಕೊಂಡು ಹುಡುಕಿ ಕರೆತಂದಳು. ಮೂರನೇ ಸಲ ಕೆರೆಯಿಂದ ಏನನ್ನು ಹೊತ್ತು ತರಬೇಕಾಗುತ್ತದೋ ಎಂಬ ಹೆದರಿಕೆ ಗಂಡ ಹೆಂಡತಿ ಇಬ್ಬರಿಗೂ ಹೊಕ್ಕಿತ್ತು.

ಎಪ್ಪತ್ತೊಂಬತ್ತರಲ್ಲಿ ಮೀಟರ್ ಫ್ಯಾಕ್ಟರಿಯವರು ಟ್ರೈನಿ ಇಂಜಿನಿಯರ್ ಬೇಕೆಂದು ಪೇಪರಿನಲ್ಲಿ ಹಾಕಿದರು. ಅಷ್ಟು ಹೊತ್ತಿಗೆ ಅಲ್ಲಿ ಮುಳ್ಳು ಅಲ್ಲಾಡುವ ಮೀಟರ್ ಹಿಂದೆ ಬಿದ್ದು, ಅಂಕಿ ಮೂಡುವ ಎಲೆಕ್ಟ್ರಾನಿಕ್ ಮೀಟರು ಬಂದಿತ್ತು. ಮಗ ಬೇಡ ಎಂದ. ಮನೆಗೊಂದು ಕೆಲಸ ಎಂಬ ನಿಯಮ ಅವನಿಗೂ ಗೊತ್ತಿತ್ತು. ಮುನಿವೆಂಕಟಯ್ಯ ಬಿಡಲಿಲ್ಲ. ಆ ಕೋಣೆಯಲ್ಲಿ ಶಿಫಾರಸ್ಸು ನಡೆಯುವುದಿಲ್ಲ, ಹುಡುಗ ಚೆನ್ನಾಗಿ ಉತ್ತರ ಕೊಟ್ಟರೆ ಟೀ ಬರುತ್ತದೆ, ಅದನ್ನು ಕಣ್ಣಾರೆ ಕಂಡವನು ನಾನು ಎಂದು ಹಟ ಹಿಡಿದ. ಬಾಗಲೂರಿನ ಸೋದರಮಾವನ ಮನೆಯ ವಿಳಾಸ ಕೊಡುವುದು, ಅಪ್ಪನ ಕಸುಬು ಕೇಳಿದರೆ ಬೇಸಾಯ ಎನ್ನುವುದು, ಅಲ್ಲಿ ಎದುರಾದರೆ ಇಬ್ಬರೂ ಗುರುತು ತೋರಿಸದಿರುವುದು ಎಂದು ತೀರ್ಮಾನವಾಯಿತು. ಬೇಸಾಯ ಎನ್ನುವುದು ಪೂರಾ ಸುಳ್ಳೂ ಆಗಿರಲಿಲ್ಲ. ಬೇಸಾಯ ಮಾಡುತ್ತಿದ್ದ ಜಾಗದಲ್ಲೇ ಅವನು ದಿನಾ ದುಡಿಯುತ್ತಿದ್ದನಲ್ಲ.

ಇಂಟರ್‌ವ್ಯೂ ದಿನ ಹುಡುಗರೆಲ್ಲ ವರಾಂಡದ ಬೆಂಚಿನ ಮೇಲೆ ಕೂತಿದ್ದರು. ಮುನಿಆಂಜಿನಪ್ಪ ಕೊನೆಯಲ್ಲಿ, ಕಂಬಕ್ಕೆ ಮುಖ ಮಾಡಿಕೊಂಡು. ಅಪ್ಪ ನೀರಿನ ಟ್ರೇ ಹಿಡಿದು ಬಂದಾಗ ಮಗ ಬೇಕೆಂದೇ ಕಂಬದ ಕಡೆ ನೋಡುತ್ತಿದ್ದ. ಹಾಗೆ ನೋಡದಿದ್ದರೆ ಎದ್ದುಬಿಡುತ್ತೇನೆ ಎಂಬ ಭಯ ಅವನಿಗಿತ್ತೆಂದು ಮುನಿವೆಂಕಟಯ್ಯನಿಗೆ ಹೊಳೆದದ್ದು ಬಹಳ ದಿನದ ಮೇಲೆ. ಆಗ ಅವನು ಅಂದುಕೊಂಡದ್ದು, ಹುಡುಗ ಹೇಳಿದ ಹಾಗೆ ಚೆನ್ನಾಗಿ ನಡೆದುಕೊಳ್ಳುತ್ತಿದ್ದಾನೆ ಎಂದು.

ಮಗನ ಸರದಿ ಬಂತು. ಆ ಕೋಣೆಗೆ ಇದ್ದದ್ದು ಸ್ಪ್ರಿಂಗಿನ ಅರ್ಧ ಬಾಗಿಲು. ಹೊರಗೆ ನಿಂತವನಿಗೆ ಒಳಗಿನವರ ಮೊಣಕಾಲಿನಿಂದ ಕೆಳಗೆ ಕಾಣುತ್ತದೆ, ಮಾತು ಕೇಳುತ್ತದೆ. ಮುನಿವೆಂಕಟಯ್ಯ ಗೋಡೆಗೆ ಒರಗಿ ನಿಂತು ಮಗನ ಶೂಗಳನ್ನು ನೋಡುತ್ತಿದ್ದ. ಅವರ ಇಂಗ್ಲಿಷು ಅವನಿಗೆ ತಿಳಿಯದು. ಆದರೆ ಇಷ್ಟು ವರ್ಷ ಆ ಬಾಗಿಲ ಬಳಿ ನಿಂತವನಿಗೆ ಅದರ ಏರಿಳಿತ ಗೊತ್ತಿತ್ತು. ಮೊದಲು ಪ್ರಶ್ನೆಗಳು ಚಿಕ್ಕವಿದ್ದವು, ಉತ್ತರಗಳೂ ಚಿಕ್ಕವು. ಆಮೇಲೆ ಶೂಗಳು ಎದ್ದು ಹಲಗೆಯ ಕಡೆ ಹೋದವು, ಸೀಮೆಸುಣ್ಣ ಕಿರುಗುಟ್ಟಿತು. ಮಗನ ದನಿ ಒಂದೇ ಸಮನೆ ಹರಿಯಿತು. ಮನೆಯಲ್ಲಿ ವರ್ಷದಿಂದ ಕೇಳದಿದ್ದಷ್ಟು ಮಾತು. ಯಾರೋ ಏನೋ ತಕರಾರು ತೆಗೆದರು, ಮಗ ಉತ್ತರ ಕೊಟ್ಟ, ಜನರಲ್ ಮ್ಯಾನೇಜರು ಗಟ್ಟಿಯಾಗಿ ನಕ್ಕರು. ಅದು ಗೇಲಿಯ ನಗೆಯಲ್ಲ. ಗೇಲಿಯ ನಗೆಯನ್ನು ಮುನಿವೆಂಕಟಯ್ಯ ಬೇಕಾದಷ್ಟು ಕೇಳಿದ್ದ, ಅದು ಮೂಗಿನಿಂದ ಬರುತ್ತಿತ್ತು. ಇದು ಹೊಟ್ಟೆಯಿಂದ ಬಂತು.

ಬೆಲ್ಲು ಹೊಡೆಯಿತು, ಉದ್ದಕ್ಕೆ. ಮತ್ತೆ ಹೊಡೆಯಿತು, ಅಷ್ಟೇ ಉದ್ದಕ್ಕೆ.

ಕ್ಯಾಂಟೀನಿಗೆ ಅವನು ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಖಾದರ್ ಬಾಷಾನಿಗೆ ಎಲ್ಲ ವಿಷಯ ತಿಳಿದಿತ್ತು. ಅವನು ಆಗಲೇ ಟೀ ಬಗ್ಗಿಸಿ ಟ್ರೇ ಕೈಗೆತ್ತಿಕೊಂಡಿದ್ದ.

"ನೀನು ಇಲ್ಲೇ ಇರು ಮುನೆಂಕಟಣ್ಣ. ನಾನು ಕೊಟ್ಟು ಬರ್ತೀನಿ," ಎಂದ.

"ಇಲ್ಲ ಬಾಷಾ, ಇಂಗ್ ಕೊಡು. ಕುರ್ಚಿ ಮ್ಯಾಲೆ ಕುಂತವ್ನೆ ನನ್ ಮಗ. ಒಂದೇ ಒಂದ್ ಗಳಿಗೆ ನೋಡ್ಕಂಡ್ ಬತ್ತೀನಿ."

"ಬೇಡ ಅಣ್ಣ. ಮನೇಲಿ ನೋಡ್ಬಹುದು."

ಮನೆಯಲ್ಲಿ ಎಲ್ಲಿ ನೋಡುವುದು? ಮನೆಯಲ್ಲಿ ಅಪ್ಪ ಬಂದರೆ ಮಗ ನಿಂತೇ ಇರುತ್ತಾನೆ. ಸಾಹೇಬರ ಸಮಕ್ಕೆ, ಅವರ ಹಾಗೆ ಬೆನ್ನು ಒರಗಿಸಿ ಕೂತ ಮಗನನ್ನು ನೋಡುವುದಕ್ಕೆ ಆ ಅಪ್ಪನಿಗೆ ಭೂಮಿಯ ಮೇಲೆ ಆ ಒಂದು ಕೋಣೆ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಅತಿಯಾಸೆ ಗತಿಗೇಡು ಎಂದು ಯಾರಾದರೂ ಹೇಳಬಹುದು. ಹೇಳುವವರು ಹೇಳಲಿ. ಇದನ್ನೂ ಅತಿಯಾಸೆ ಎಂದು ಕರೆದರೆ ಬಡವನಿಗೆ ಆಸೆ ಎನ್ನುವುದಕ್ಕೆ ಇನ್ನೇನು ಉಳಿಯಿತು? ಅವನು ಬಾಷಾನ ಕೈಯಿಂದ ಟ್ರೇ ಕಿತ್ತುಕೊಂಡ. ಅಂಚು ಒಡೆಯದ ಕಪ್ಪನ್ನು ಹುಡುಕಿ, ಟೀ ಅದಕ್ಕೆ ಬಗ್ಗಿಸಿ, ಒಂದು ಚಮಚ ಸಕ್ಕರೆ ಹೆಚ್ಚಿಗೆ ಹಾಕಿ ಹೊರಟ.

ಅವನು ಬಾಗಿಲು ತಳ್ಳಿರಲಿಲ್ಲ. ಇನ್ನೂ ಹೊರಗೆ, ಟ್ರೇ ಸರಿಮಾಡಿಕೊಳ್ಳುತ್ತ ನಿಂತಿದ್ದ. ಅರ್ಧ ಬಾಗಿಲ ಕೆಳಗೆ ಅವನ ಬರಿಗಾಲು ಕಂಡಿತು. ಬಿರುಕು ಬಿಟ್ಟ ಹಿಮ್ಮಡಿ, ಹಿಂದೆ ಯಾವಾಗಲೋ ಕುಡುಗೋಲು ತಗುಲಿ ಸೊಟ್ಟಗಾದ ಹೆಬ್ಬೆರಳು. ಒಳಗೆ ಮಾತಾಡುತ್ತಿದ್ದ ಮುನಿಆಂಜಿನಪ್ಪನ ದನಿ ಅಲ್ಲಿಗೇ ನಿಂತಿತು. ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿತು. ಮುನಿವೆಂಕಟಯ್ಯ ಬಾಗಿಲು ತಳ್ಳಿಕೊಂಡು ಒಳಗೆ ಕಾಲಿಟ್ಟಾಗ ಮಗ ಎದ್ದು, ಕೈಕಟ್ಟಿ, ತಲೆ ತಗ್ಗಿಸಿ ನಿಂತಿದ್ದ.

ಜನರಲ್ ಮ್ಯಾನೇಜರು ತಮಾಷೆಯವರು. ನಮ್ಮ ಟೀಗೆ ಇಷ್ಟು ಮರ್ಯಾದೆ ಕೊಟ್ಟವನು ನೀನೇ ಮೊದಲು ಎನ್ನುವಂಥದೇನೋ ಇಂಗ್ಲಿಷಿನಲ್ಲಿ ಅಂದರು. ಕೂರು ಎಂದು ಕೈ ತೋರಿಸಿದರು. ಆಗಲೇ ಕೂತುಬಿಟ್ಟಿದ್ದರೆ ಮಾತು ಅಲ್ಲಿಗೇ ನಗುವಿನಲ್ಲಿ ಮುಗಿಯುತ್ತಿತ್ತು. ಹುಡುಗ ಕೂರಲಿಲ್ಲ. ಕೂರಬೇಕೆಂಬ ಆಸೆ ಅವನ ಮುಖದಲ್ಲಿತ್ತು, ಆದರೆ ಮೊಣಕಾಲು ಬಾಗಲಿಲ್ಲ. ಅಪ್ಪ ಕಣ್ಣಿನಲ್ಲೇ ಬೇಡಿಕೊಂಡ. ಟೀ ಕಪ್ಪನ್ನು ಮಗನ ಮುಂದೆ ಮೇಜಿನ ಮೇಲಿಟ್ಟ. ವೆಂಕಟರಾಮಯ್ಯನವರು ಆ ಮುಖ ಈ ಮುಖ ನೋಡಿದರು. ಬರಿಗಾಲನ್ನು ನೋಡಿದರು.

"ಮುನಿವೆಂಕಟಯ್ಯ, ಈ ಹುಡುಗ ನಿನಗೆ ಗೊತ್ತಾ?" ಎಂದು ಕನ್ನಡದಲ್ಲಿ ಕೇಳಿದರು.

"ಇಲ್ಲ ಸಾಮಿ. ಯಾರೋ ಏನೋ. ನಾನ್ ಕಂಡೇ ಇಲ್ಲ."

ಅವರು ಹುಡುಗನ ಕಡೆ ತಿರುಗಿದರು. ಅವನು ಅಷ್ಟು ಹೊತ್ತೂ ಇಂಗ್ಲಿಷಿನಲ್ಲಿ ಆಡಿದವನು.

"ನಮ್ಮಪ್ಪ ಸಾರ್," ಎಂದ.

ಯಾರೂ ಕೂಗಾಡಲಿಲ್ಲ. ಟೀ ಕುಡಿ ಎಂದು ಜನರಲ್ ಮ್ಯಾನೇಜರು ಮೆತ್ತಗೆ ಹೇಳಿದರು. ಹುಡುಗ ಕುಡಿಯಲಿಲ್ಲ, ನಮಸ್ಕಾರ ಮಾಡಿ ಹೊರಗೆ ಬಂದ. ಐದನೇ ಟೀ ಮೇಜಿನ ಮೇಲೆ ಕೆನೆ ಕಟ್ಟಿಕೊಂಡು ಹಾಗೇ ಉಳಿಯಿತು. ಮುಂದಿನವನ ಇಂಟರ್‌ವ್ಯೂ ಮುಗಿದ ಮೇಲೆ ಅದನ್ನು ತೆಗೆದು ಚೆಲ್ಲಿದವನೂ ಮುನಿವೆಂಕಟಯ್ಯನೇ.

ಮಧ್ಯಾಹ್ನ ವೆಂಕಟರಾಮಯ್ಯನವರು ಅವನನ್ನು ಕರೆಸಿಕೊಂಡರು. ಹುಡುಗ ಬುದ್ಧಿವಂತ, ಆದರೆ ನಿಯಮ ನಿಯಮವೇ ಎಂದರು. ನೀನು ಕೆಲಸ ಬಿಟ್ಟರೆ ನಿಮ್ಮ ಮನೆಯ ಪಾಲು ಖಾಲಿಯಾಗುತ್ತದೆ, ಆಗ ಅವನ ವಿಷಯವನ್ನು ಸಾಹೇಬರ ಮುಂದೆ ಇಡುವುದಕ್ಕೆ ದಾರಿಯಾಗುತ್ತದೆ ಎಂದೂ ಹೇಳಿದರು. ಮುನಿವೆಂಕಟಯ್ಯ ಕ್ಯಾಂಟೀನಿಗೆ ಓಡಿ ಬಂದು ಖಾದರ್ ಬಾಷಾನಿಗೆ ತಿಳಿಸಿದ. ಮೊದಲು ಹುಡುಗನ ಆರ್ಡರ್ ಕೈಗೆ ಬರಲಿ, ಆಮೇಲೆ ನೀನು ಬಿಡುವಿಯಂತೆ ಎಂದು ಬಾಷಾ ಕೈ ಹಿಡಿದುಕೊಂಡು ಹೇಳಿದ. ಬೆಳಗ್ಗೆಯಿಂದ ಎರಡನೇ ಸಲ ಬಾಷಾನ ಮಾತು ಸರಿಯಾಗಿತ್ತು, ಎರಡನೇ ಸಲವೂ ಮುನಿವೆಂಕಟಯ್ಯ ಕೇಳಲಿಲ್ಲ. ತನ್ನ ಕಾಲಿನಿಂದ ಕೆಟ್ಟದ್ದನ್ನು ತನ್ನ ಕೈಯಿಂದ ಸರಿಮಾಡಬೇಕೆಂಬ ಆತುರ ಅವನಿಗೆ. ಸಂಜೆಯೊಳಗೆ ಕೆಲಸ ಬಿಟ್ಟು, ಕ್ಯಾನ್ವಾಸ್ ಶೂಗಳನ್ನು ಸ್ಟೋರಿಗೆ ಒಪ್ಪಿಸಿ, ಬರಿಗಾಲಲ್ಲಿ ಮನೆಗೆ ಬಂದ.

ತಿಂಗಳು ಕಾದರು. ಆರ್ಡರ್ ಬೇರೆಯವನಿಗೆ ಹೋಯಿತು. ಮುನಿವೆಂಕಟಯ್ಯ ಗೇಟಿನಲ್ಲಿ ಬೆಳಗ್ಗೆಯಿಂದ ನಿಂತು, ಕಾರಿನಿಂದ ಇಳಿದ ವೆಂಕಟರಾಮಯ್ಯನವರನ್ನು ಕೇಳಿದ. ಅವರು ಸುಳ್ಳು ಹೇಳಲಿಲ್ಲ. ನಾನು ಸಾಹೇಬರ ಮುಂದೆ ಇಟ್ಟೆ, ಅವರು ಒಪ್ಪಲಿಲ್ಲ ಎಂದರು. ಕೆಲಸಕ್ಕಾಗಿ ಇವತ್ತು ಅಪ್ಪನನ್ನು ಬಚ್ಚಿಟ್ಟವನು ನಾಳೆ ಇನ್ನೇನು ಬಚ್ಚಿಡುತ್ತಾನೋ ಎಂದರಂತೆ ಸಾಹೇಬರು.

ಇದನ್ನು ಕೇಳಿದರೆ ಇಂದಿಗೂ ಮೈ ಉರಿಯುತ್ತದೆ. ಬಚ್ಚಿಡಲು ಹೇಳಿಕೊಟ್ಟವನು ಅಪ್ಪ. ಎದುರೆದುರೇ ಸುಳ್ಳು ಹೇಳಿದವನು ಅಪ್ಪ. ಆ ಕೋಣೆಯಲ್ಲಿ ಕೇಳಿದ ಕೂಡಲೇ ನಿಜ ಹೇಳಿದವನೆಂದರೆ ಆ ಹುಡುಗ ಒಬ್ಬನೇ. ನಿಜಕ್ಕೆ ಸಿಕ್ಕ ಬಹುಮಾನ ಅದು. ಹೊಲ ಹೋಯಿತು, ಹೊಲದ ಬದಲಿಗೆ ಬಂದ ಕೆಲಸ ಹೋಯಿತು, ಕೆಲಸದ ಬದಲಿಗೆ ಬರಬೇಕಾಗಿದ್ದೂ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಕೃಷ್ಣಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಮಗ ಅಳಲಿಲ್ಲ, ಅಪ್ಪನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಖಾದರ್ ಬಾಷಾ ಕ್ಯಾಂಟೀನಿಗೆ ಅವನನ್ನು ಮತ್ತೆ ಸೇರಿಸಲು ಎಲ್ಲರ ಕಾಲು ಹಿಡಿದ, ಆಗಲಿಲ್ಲ. ಮುನಿವೆಂಕಟಯ್ಯ ಹುಣಸಮಾರನಹಳ್ಳಿಯ ಕಡೆ ಬೇರೆಯವರ ದ್ರಾಕ್ಷಿ ತೋಟಕ್ಕೆ ಕೂಲಿ ಹೋದ. ಅಲ್ಲಿ ಗೊಬ್ಬರ ಹೊರುವಾಗಲೂ ಅವನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ. ಹುಡುಗ ಓದಿದ್ದರಲ್ಲಿ ತಪ್ಪಿಲ್ಲ, ಉತ್ತರ ಕೊಟ್ಟದ್ದರಲ್ಲಿ ತಪ್ಪಿಲ್ಲ, ಟೀ ಕೂಡ ಬಂತು. ಎದ್ದು ನಿಂತದ್ದೊಂದೇ ತಪ್ಪು. ಆ ಅಭ್ಯಾಸ ಬಿಡಿಸಿದರೆ ಮುಂದಿನ ಇಂಟರ್‌ವ್ಯೂನಲ್ಲಿ ಕೆಲಸ ಗ್ಯಾರಂಟಿ. ಮುಂದಿನ ಕಂಪನಿಯಲ್ಲಿ ಟೀ ತರುವವನು ತಾನಲ್ಲ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲವೋ, ಹೊಳೆದರೂ ಬೇಡವಾಗಿತ್ತೋ, ಹೇಳುವುದು ಕಷ್ಟ. ಏನಾದರೂ ಮಾಡುತ್ತಿರಬೇಕಿತ್ತು ಅವನಿಗೆ.

ಪಕ್ಕದ ಮನೆಯಿಂದ ಒಂದು ಕಬ್ಬಿಣದ ಕುರ್ಚಿ ತಂದ. ಸಂಜೆ ಕೂಲಿಯಿಂದ ಬಂದ ಮೇಲೆ ಕೃಷ್ಣಮ್ಮನ ಕೈಲಿ ಟೀ ಕಾಯಿಸಿ, ಮಗನನ್ನು ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂರಿಸಿ, ತಾನು ಹಿತ್ತಲಿಗೆ ಹೋಗಿ ಲೋಟ ಹಿಡಿದುಕೊಂಡು ಒಳಗೆ ಬರುತ್ತಿದ್ದ. ಮಗ ಎದ್ದುಬಿಡುತ್ತಿದ್ದ.

"ಕುಂತ್ಕೊ," ಎನ್ನುತ್ತಿದ್ದ ಅಪ್ಪ. "ನಾನ್ ಯಾರೋ ಅಂದ್ಕೊ. ಟೀ ತರೋನು ಅಂದ್ಕೊ."

ಮತ್ತೆ ಹಿತ್ತಲಿಗೆ ಹೋಗಿ ಬರುತ್ತಿದ್ದ. ಮಗ ಮತ್ತೆ ಎದ್ದಿರುತ್ತಿದ್ದ. ಇದೆಂಥ ಹುಚ್ಚಾಟ, ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಹೆತ್ತಪ್ಪನನ್ನು ಯಾರೋ ಅಂದುಕೊ ಎಂದು ಕಲಿಸುತ್ತಾರೆಯೆ ಎಂದು ಕೃಷ್ಣಮ್ಮ ಜಗಳ ತೆಗೆದಳು. ಗಂಡ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಜೆ ಬಂದರೆ ಕುರ್ಚಿ, ಲೋಟ, ಹಿತ್ತಲು. ಕೆಲವು ದಿನ ಮಗ ಕುರ್ಚಿಯ ಎರಡೂ ಕಡೆ ಕಂಬಿ ಹಿಡಿದುಕೊಂಡು, ಹಲ್ಲು ಕಚ್ಚಿ ಕೂತಿರಲು ನೋಡುತ್ತಿದ್ದ. ಆದರೂ ಹೊಸ್ತಿಲ ಮೇಲೆ ಆ ಸೊಟ್ಟ ಹೆಬ್ಬೆರಳು ಕಂಡಕೂಡಲೇ ಅವನ ಮೈ ತಾನಾಗಿ ಎದ್ದುಬಿಡುತ್ತಿತ್ತು.

ಒಂದು ದಿನ ಅವನು ಯಶವಂತಪುರದ ಒಂದು ಕಂಪನಿಯ ಇಂಟರ್‌ವ್ಯೂ ಎಂದು ಹೋಗಿ ಬಂದ. ಅಲ್ಲಿ ಒಳಗೇ ಕರೆದಿರಲಿಲ್ಲ, ಜಾಗ ತುಂಬಿದೆ ಎಂದು ಬಾಗಿಲಲ್ಲೇ ಹೇಳಿ ಕಳಿಸಿದ್ದರು. ಶೂ ಕೂಡ ಬಿಚ್ಚದೆ ನಡುಮನೆಗೆ ಬಂದು ಕಬ್ಬಿಣದ ಕುರ್ಚಿಯ ಮೇಲೆ ಕೂತ. ಅಪ್ಪ ಲೋಟ ಹಿಡಿದುಕೊಂಡು ಹಿತ್ತಲಿನಿಂದ ಬಂದ. ಮಗ ಏಳಲಿಲ್ಲ. ಮುಖ ಎತ್ತಲೂ ಇಲ್ಲ. ಗೋಡೆಯ ಕಡೆ ನೋಡುತ್ತಲೇ ಕೈ ಚಾಚಿ ಲೋಟ ತೆಗೆದುಕೊಂಡ, ಒಂದೇ ಸಲಕ್ಕೆ ಕುಡಿದ, ಖಾಲಿ ಲೋಟವನ್ನು ಅಪ್ಪನ ಕೈಗೆ ವಾಪಸು ಹಿಡಿದ. ಸಾಹೇಬರು ಹಿಡಿಯುತ್ತಿದ್ದ ಹಾಗೆಯೇ ಇತ್ತು ಅದು.

"ಆಂಗೆ," ಎಂದ ಮುನಿವೆಂಕಟಯ್ಯ. "ಈಗ ಸರಿ ಓಯ್ತು."

ಲೋಟ ತೊಳೆಯಲು ಹಿತ್ತಲಿಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಕೃಷ್ಣಮ್ಮ ಹೋಗಿ ನೋಡಿದರೆ, ತೊಳೆದ ಲೋಟವನ್ನೇ ಬೂದಿ ಹಾಕಿ ಮತ್ತೆ ಉಜ್ಜುತ್ತ ಕೂತಿದ್ದ. ಕಣ್ಣಿಗೆ ಹೊಗೆ ಹೋಯಿತು ಎಂದ. ಒಲೆ ಆರಿ ಎಷ್ಟೋ ಹೊತ್ತಾಗಿತ್ತು.

ಮುನಿಆಂಜಿನಪ್ಪ ಇಂಜಿನಿಯರ್ ಆಗಲಿಲ್ಲ. ಯಶವಂತಪುರದಲ್ಲೇ, ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ಇಂಟರ್‌ವ್ಯೂ ಇರಲಿಲ್ಲ, ಕೂರುವುದಕ್ಕೆ ಕುರ್ಚಿಯೂ ಇರಲಿಲ್ಲ. ಕೆರೆಯ ಕಡೆ ಹೋಗುವುದನ್ನು ಬಿಟ್ಟ, ಅಷ್ಟರ ಮಟ್ಟಿಗೆ ಕೃಷ್ಣಮ್ಮ ದೇವರಿಗೆ ಕೈ ಮುಗಿದಳು. ಸಂಜೆ ಮನೆಗೆ ಬಂದು ಜಗಲಿಯ ಮೇಲೆ ಕೂತರೆ ಕೂತ. ಅಪ್ಪ ಬಂದರೂ ಕೂತೇ ಇರುತ್ತಿದ್ದ, ಹೋದರೂ ಕೂತೇ ಇರುತ್ತಿದ್ದ. ಬೇಕೆಂದು ಮಾಡಿದ ಅವಮಾನವಲ್ಲ. ಬಿಟ್ಟುಹೋದದ್ದು ಬಿಟ್ಟುಹೋಯಿತು, ಮತ್ತೆ ಬರಲಿಲ್ಲ.

ಊರು ಸುಮ್ಮನಿರುತ್ತದೆಯೆ? ಒಂದು ದಿನ ಹಳೇ ಗೆಳೆಯ ದೊಡ್ಡಮುನಿಯಪ್ಪ ಮುನಿವೆಂಕಟಯ್ಯನ ಜೊತೆ ಮಾತಾಡುತ್ತ ಮನೆಯವರೆಗೂ ಬಂದ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಅಪ್ಪ ಮೆಟ್ಟಿಲು ಹತ್ತುತ್ತಿದ್ದರೂ ಜಗಲಿಯ ಮೇಲಿದ್ದ ಮಗ ಅಲ್ಲಾಡಲಿಲ್ಲ. ದೊಡ್ಡಮುನಿಯಪ್ಪನಿಗೆ ಸಹಿಸಲಾಗಲಿಲ್ಲ. ಊರಿಗೆಲ್ಲ ಮಾದರಿಯಾಗಿದ್ದ ಹುಡುಗ ನಾಲ್ಕಕ್ಷರ ಹೆಚ್ಚಿಗೆ ಓದಿ ಇಂಗಾದನಲ್ಲ, ಹೆತ್ತಪ್ಪ ಬಂದರೆ ಎದ್ದು ನಿಲ್ಲಬೇಕು ಅನ್ನುವುದನ್ನು ಇವನಿಗೆ ಯಾರೂ ಕಲಿಸಲಿಲ್ಲವೆ ಎಂದು ಮಗನಿಗೆ ಕೇಳುವ ಹಾಗೆಯೇ ಗಟ್ಟಿಯಾಗಿ ಅಂದ.

ಮುನಿವೆಂಕಟಯ್ಯ ಹುಲ್ಲಿನ ಹೊರೆ ಇಳಿಸಿ, ಮಗನ ಕಡೆ ನೋಡದೆ, ಟವಲಿನಿಂದ ಕತ್ತು ಒರೆಸಿಕೊಂಡ.

"ಅವ್ನ ಏನೂ ಅನ್ಬ್ಯಾಡ ದೊಡ್ಮುನಿಯಪ್ಪ," ಎಂದ. "ಕುಂತ್ಕೊಳೋದು ನಾನೇ ಕಲ್ಸಿದ್ದು."